ಮೊಲದ ತೊಡೆ ಮೇಲಿನ ಗಂಟು

ಪ್ರಶ್ನೆ: ಸರ್, ಆರು ತಿಂಗಳಿಗೆ ಅಂತ ಅಮೆರಿಕದ ಟೂಸಾನ್‌ಗೆ, ಮಗನ ಮನೆಗೆ ಬಂದಿದೀವಿ. ಬೆಳಗ್ಗೆ ಹಿತ್ತಲಿಗೆ ಉದ್ದ ಕಿವಿಯ ಜಾಕ್‌ರ್ಯಾಬಿಟ್‌ಗಳು ಬರ್ತವೆ, ಒಂದಕ್ಕೆ ತೊಡೆ ಹತ್ರ ನಿಂಬೆಹಣ್ಣಿನಷ್ಟು ಗಂಟು. ಪಕ್ಕದ ಮನೆಯವ್ರು ಲಾಡಿಹುಳು ಅಂತಾರೆ. ಹುಳು ಹೊಟ್ಟೆಲಿರೋದಲ್ವಾ, ತೊಡೆಗೆ ಹೇಗ್ ಹೋಯ್ತು? ಮನೇಲಿ ನಾಯಿ ಇದೆ, ಮೊಮ್ಮಗು ಇದೆ. ಮೊಲಕ್ಕೆ ಏನಾದ್ರೂ ಔಷಧಿ ಹಾಕ್ಬೋದಾ?

ಉತ್ತರ: ಕೀವುಗಡ್ಡೆನೂ ಇರ್ಬೋದು, ಬಾಟ್ ನೊಣದ ಮರಿನೂ ಇರ್ಬೋದು (ಹಾಗಿದ್ರೆ ಗಂಟಿನ ಮೇಲೆ ಸಣ್ಣ ತೂತು ಕಾಣುತ್ತೆ), ಆದ್ರೆ ಆ ಕಡೆ ಜಾಕ್‌ರ್ಯಾಬಿಟ್ ಅಂದ್ರೆ ಲಾಡಿಹುಳದ ಅನುಮಾನ ಬರೋದು ಸಹಜಾನೇ. ಹೆಸರು ಟೀನಿಯಾ ಸೀರಿಯಾಲಿಸ್. ದೊಡ್ಡ ಹುಳು ಇರೋದು ಕಯೋಟಿ (ಅಲ್ಲಿನ ತೋಳದಂಥ ಕಾಡುಪ್ರಾಣಿ), ನರಿ, ನಾಯಿಗಳ ಕರುಳಲ್ಲಿ, ಮೊಲದಲ್ಲಿರೋದು ಬರೀ ಮರಿ. ಕಯೋಟಿ ಹೇಲಲ್ಲಿ ಮೊಟ್ಟೆ ಬೀಳುತ್ತೆ, ಮೊಲ ಹುಲ್ಲಿನ ಜೊತೆ ತಿನ್ನುತ್ತೆ, ಮರಿ ಕರುಳು ಕೊರ್ದು ರಕ್ತದಲ್ಲಿ ತೇಲ್ಕೊಂಡು ಹೋಗಿ ಚರ್ಮದ ಕೆಳಗೋ ಮಾಂಸದ ಮಧ್ಯಾನೋ ಕೂತು ನೀರಗುಳ್ಳೆ ಆಗುತ್ತೆ. ಒಳಗೆ ಅಕ್ಕಿನುಚ್ಚಿನ ಥರ ಬಿಳಿ ಚುಕ್ಕೆಗಳು, ಒಂದೊಂದೂ ಒಂದೊಂದು ಹುಳದ ತಲೆ. ನಮ್ಮ ಕುರಿಗಾಹಿಗಳು ಕಂಡಿರ್ತಾರಲ್ಲ, ಮಿದುಳಲ್ಲಿ ಗುಳ್ಳೆಯಾಗಿ ಕುರಿ ಗಿರಗಿರ ಸುತ್ತೋದು, ಅದು ಇದರ ದಾಯಾದಿ ಹುಳದ ಕೆಲ್ಸ.

ಸಣ್ಣ ಗುಳ್ಳೆ ಇದ್ರೆ ಮೊಲ ಆರಾಮಾಗೇ ಇರುತ್ತೆ. ದೊಡ್ಡದಾದ್ರೆ ಕಾಲು ಸರಿಯಾಗಿ ಬೀಸಕ್ಕಾಗಲ್ಲ, ದವಡೆ ಹತ್ರ ಆದ್ರೆ ಮೇಯೋಕೂ ಕಷ್ಟ. ಕುಂಟೋ ಮೊಲ ಕಯೋಟಿಗೆ ಬೇಗ ಸಿಗುತ್ತೆ, ಹುಳಕ್ಕೂ ಅದೇ ಬೇಕಾಗಿರೋದು! ಮೊಲ ತಿಂದ ಪ್ರಾಣಿಯ ಕರುಳಲ್ಲೇ ಆ ಮರಿ ದೊಡ್ಡ ಹುಳು ಆಗೋದು.

ಮೊಲದ ಗಂಟಿಂದ ಮಗೂಗೆ ಇದು ಅಂಟಲ್ಲ. ಮನುಷ್ಯರಿಗೆ ಬರೋದೇ ಅಪರೂಪ, ಬಂದ್ರೂ ನಾಯಿ ಹೇಲಲ್ಲಿರೋ ಮೊಟ್ಟೆ ಬಾಯಿಗೆ ಹೋಗಿ. ಹಾಗಾಗಿ ನಾಯಿನ ಮೊಲದ ಹಿಂದೆ ಬಿಡ್ಬೇಡಿ, ಪಶುವೈದ್ಯರ ಹತ್ರ ಕೇಳಿ ನಾಯಿಗೆ ಪ್ರಾಜಿಕ್ವಾಂಟೆಲ್ ಅನ್ನೋ ಲಾಡಿಹುಳದ ಔಷಧಿ ಹಾಕ್ಸಿ, ಹೇಲು ಆಗಾಗ ತೆಗೀರಿ, ಮಗು ಮಣ್ಣಲ್ಲಿ ಆಡಿ ಬಂದ್ರೆ ಸೋಪಲ್ಲಿ ಕೈ ತೊಳ್ಸಿ.

ಮೊಲಕ್ಕೆ ಔಷಧಿ ಹಾಕೋ ಯೋಚ್ನೆ ಬಿಟ್ಬಿಡಿ. ಗಂಟೆಗೆ 60 ಕಿಲೋಮೀಟರ್ ಓಡೋ ಪ್ರಾಣಿ ಅದು, ಕೈಗೆ ಸಿಕ್ತು ಅಂದ್ರೆ ಬೇರೇನೋ ಕಾಯಿಲೆ ಬಿದ್ದಿದೆ ಅಂತ್ಲೇ ತಿಳ್ಕೊಳ್ಳಿ. ಅಲ್ಲಿನ ಮೊಲಗಳಿಂದ ಟ್ಯುಲರೀಮಿಯಾ ಅನ್ನೋ ಜ್ವರ ಬರುತ್ತೆ, ನಂಗೆ ಈ ಗಂಟಿಗಿಂತ ಅದರದೇ ಭಯ, ಸತ್ತ ಮೊಲಾನಂತೂ ಬರಿಗೈಲಿ ಮುಟ್ಲೇಬೇಡಿ.