ಪ್ರತಿಕ್ರಿಯೆ: ರಸ್ತೆ ಬದಿಯ ಹಿರಿಯರ ಕಲ್ಲಿನ ಅಕ್ಷರ ಕಾಣ್ತಿಲ್ಲ

ನಿಮ್ಮ ಮನೆತನದ ಹಿರಿಯರದು ಅಂತ ಅಜ್ಜ ಹೇಳಿದ ಆ ರಸ್ತೆ ಬದಿಯ ಕಲ್ಲಿನ ಅಕ್ಷರ ಬಹುಶಃ ಸವೆದಿಲ್ಲ, ಮುಚ್ಚಿಹೋಗಿದೆ. ಮೊದಲು ಸುಣ್ಣ, ಮೇಲೆ ಎಣ್ಣೆ-ಕುಂಕುಮ, ಈಚೆಗೆ ಆಯಿಲ್ ಪೇಂಟ್ ಅಂತ ನೀವೇ ಬರೆದಿದ್ದೀರಿ. ಎಲ್ಲ ಸೇರಿ ಅಕ್ಷರದ ತಗ್ಗಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಕಲ್ಲು ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನಮ್ಮೂರ ಕಲ್ಲಿಗೆ ಆಗಿದ್ದು ಇದೇ.

ಆಸಿಡ್, ತಂತಿ ಬ್ರಶ್, ಗ್ರೈಂಡರ್ ಯಾವುದನ್ನೂ ಮುಟ್ಟಿಸಬೇಡಿ. ನಿಮ್ಮ ಗದಗದ ಕಡೆ ಇಂಥ ಕೆತ್ತನೆಗೆ ಮೆದುವಾದ ಬಳಪದ ಕಲ್ಲು ಜಾಸ್ತಿ. ಮೊಳೆ ತಾಗಿದರೂ ಗೀರು ಬೀಳುತ್ತದೆ, ಪೇಂಟಿನ ಜೊತೆ ಅಕ್ಷರವೂ ಹೋಗುತ್ತದೆ.

ಕತ್ತಲಾದ ಮೇಲೆ ಇಬ್ಬರು ಹೋಗಿ. ಒಬ್ಬರು ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ತಾಗಿದಂತೆ ಹಿಡಿಯಲಿ. ಬೆಳಕು ಓರೆಯಾಗಿ ಹರಿದಾಗ ಪೂರ್ತಿ ತುಂಬಿರದ ತಗ್ಗಿಗೆ ಪೇಂಟ್ ಮೇಲೂ ನೆರಳು ಬಿದ್ದು, ಬರಿ ಬಿಳಿ ಅಂದುಕೊಂಡಿದ್ದ ಕಡೆ ಸಾಲು ಎದ್ದು ಬರುತ್ತದೆ. ಟಾರ್ಚಿನ ದಿಕ್ಕು ಬದಲಿಸುತ್ತ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕಲ್ಲಿನಲ್ಲಿ ಒಂದರ ಮೇಲೊಂದು ಚಿತ್ರದ ಅಂಕಣ ಇದ್ದರೆ ಅವುಗಳ ನಡುವಿನ ಪಟ್ಟಿಯನ್ನೇ ಮೊದಲು ಹುಡುಕಿ, ಬರಹ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗ ಕಂಡರೆ ಅದು ವೀರಗಲ್ಲು, ಅಂದರೆ ಕಾದಾಡಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು. ಆಗ ಕಲ್ಲು ನಿಮ್ಮ ಮನೆತನ ಊರಿಗೆ ಬಂದು ನೆಲೆಸಿದ್ದಕ್ಕಿಂತ ಹಳೆಯದಿರಬಹುದು. ಹಾಗಂತ ಅಜ್ಜ ಹೇಳಿದ ಮಾತನ್ನು ಬಿಡಬೇಡಿ, ಅದನ್ನೂ ಈಗಲೇ ಬರೆದಿಡಿ. ಮನೆಯ ಹಿರಿಯರ ಬಾಯಲ್ಲಿರುವುದು ಕಲ್ಲಿನಷ್ಟು ದಿನ ಉಳಿಯಲ್ಲ, ಅಲ್ವಾ?

ಫೋಟೊ ತಗೊಂಡು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಾಸನ (ಕಲ್ಲಿನ ಬರಹ) ಓದುವವರ ಬಳಿಗೋ, ಅಲ್ಲೇ ಇರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಗೋ ಹೋಗಿ. ಪೇಂಟ್ ತೆಗೆಯುವುದು ಹೇಗೆ ಅಂತಲೂ ಅಲ್ಲೇ ಕೇಳಿ. ಅಲ್ಲಿಯವರೆಗೆ ಹೊಸ ಬಣ್ಣ ಬಳಿಯಬೇಡಿ. ಪೂಜೆಗೆ ಕಲ್ಲಿನ ಬುಡದಲ್ಲಿ ಹೂವಿಟ್ಟರೆ ಸಾಕು.