ಸರೋವರ ತಿಳಿಯಾಯಿತು, ವಾಲೈ ಎಲ್ಲಿ ಹೋಯಿತು?

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸರೋವರದ, ಅಲ್ಲಿನ ವಾಲೈ ಎಂಬ ಮೀನಿನ ಸುತ್ತ ಸುತ್ತುತ್ತವೆ. ಅದು ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿರುವ ಮಿಲ್ ಲ್ಯಾಕ್ಸ್. ವಿಸ್ತಾರ 1,32,000 ಎಕರೆ. ದೋಣಿಯಲ್ಲಿ ಕುಳಿತರೆ ಆಚೆ ದಡ ಕಾಣದು, ಕಡಲೆಂದೇ ಅನ್ನಿಸುತ್ತದೆ. ಆಳ ಮಾತ್ರ ಎಲ್ಲಿಯೂ 42 ಅಡಿ ಮೀರುವುದಿಲ್ಲ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಪ್ರತಿ ಜೂನ್‌ನಲ್ಲಿ ಮಿಲ್ ಲ್ಯಾಕ್ಸ್‌ಗೆ ಹೋಗುತ್ತೇವೆ. ಒಂದು ವರ್ಷ ಗಾಳ ಹಾಕಿದ್ದೇ ತಡ, ವಾಲೈ ಮೀನು ಕಚ್ಚುತ್ತಿದ್ದವು. ಮರುವರ್ಷ ಎರಡು ದಿನ ಕುಳಿತರೂ ಸಿಕ್ಕಿದ್ದು ಮೂರೇ. ಎರೆ ಮಾರುವ ಅಂಗಡಿಯವರು ‘ಸರೋವರದ ಕಥೆ ಮುಗಿಯಿತು’ ಎಂದರು. ಹೌದೇ?

ಉತ್ತರ: ನಿಮ್ಮ ಗಾಳ ಅಳೆದದ್ದು ಮೀನಿನ ಹಸಿವನ್ನು. ಅದರಿಂದ ಮೀನಿನ ಸಂಖ್ಯೆ ತಿಳಿಯುವುದಿಲ್ಲ. ಈ ಸರೋವರದಲ್ಲಿ ವಾಲೈನ ಮುಖ್ಯ ಆಹಾರ ಹಳದಿ ಪರ್ಚ್ ಎಂಬ ಸಣ್ಣ ಮೀನು. ಪರ್ಚ್ ಮರಿಗಳು ಹುಲುಸಾಗಿ ಹುಟ್ಟಿದ ವರ್ಷ ವಾಲೈಗೆ ದಿನವೂ ಮದುವೆ ಊಟ. ಉಂಡು ಎದ್ದವನ ಮುಂದೆ ನೀವು ಜಿಗಣೆ ಸಿಕ್ಕಿಸಿದ ಗಾಳ ಇಳಿಸಿದರೆ ಅವನು ತಿರುಗಿಯೂ ನೋಡುವುದಿಲ್ಲ. ಪರ್ಚ್ ಮರಿ ಕಡಿಮೆಯಾದ ವರ್ಷ ಅದೇ ವಾಲೈ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ನೀವು ‘ಏನು ಮೀನಪ್ಪಾ!’ ಎಂದು ಹಿಗ್ಗಿದ ವರ್ಷವೇ ಸರೋವರದ ಹೊಟ್ಟೆ ಖಾಲಿಯಾಗಿದ್ದಿರಬಹುದು.

ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಮೀನು ತಜ್ಞರು ಗಾಳಗಾರರ ಮಾತನ್ನಷ್ಟೇ ನಂಬದೆ, ಪ್ರತಿ ಶರತ್ಕಾಲದಲ್ಲಿ ನಿಗದಿತ ಜಾಗಗಳಲ್ಲಿ ಬಲೆ ಬಿಟ್ಟು ಎಣಿಸುವುದು ಇದಕ್ಕಾಗಿಯೇ. ಎಷ್ಟು ಮೀನು ಬಿತ್ತು ಎನ್ನುವಷ್ಟೇ ಮುಖ್ಯವಾಗಿ ಅವು ಎಷ್ಟು ವಯಸ್ಸಿನವು, ಎಷ್ಟು ದಪ್ಪ ಇವೆ ಎಂದೂ ನೋಡುತ್ತಾರೆ. ಅಂಗಡಿಯವರ ಭವಿಷ್ಯವಾಣಿಗಿಂತ ಆ ಸಮೀಕ್ಷೆಯ ವರದಿ ಓದಿ. ಅಂಗಡಿಯವರನ್ನು ದೂರುವುದೂ ಬೇಡ. 2015ರ ಆಗಸ್ಟ್‌ನಲ್ಲಿ ಋತು ಮುಗಿಯುವ ಮೊದಲೇ ವಾಲೈ ಹಿಡಿಯುವುದನ್ನು ನಿಲ್ಲಿಸಲಾಯಿತು. ಮರುವರ್ಷದ ಬೇಸಿಗೆಯಲ್ಲಿ ಹಿಡಿದ ವಾಲೈಯನ್ನು ಮನೆಗೊಯ್ಯುವಂತಿರಲಿಲ್ಲ. ಆ ವರ್ಷಗಳನ್ನು ಕಂಡವರಿಗೆ ಈಗಲೂ ಎದೆ ಡವಗುಟ್ಟುವುದು ಸಹಜ.

ಪ್ರಶ್ನೆ: ನೀರು ತಿಳಿಯಾದದ್ದರಿಂದ ವಾಲೈ ಕಡಿಮೆಯಾಯಿತು ಎಂದು ಓದಿದೆ. ಇದೆಂಥ ವಿಚಿತ್ರ? ನಮ್ಮ ಊರುಗಳಲ್ಲಿ ಕೆರೆ ಸ್ವಚ್ಛವಾಗಲಿ ಎಂದು ಹೋರಾಡುತ್ತೇವೆ.

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ರಾತ್ರಿ ಹಿಡಿದ ವಾಲೈಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಕನ್ನಡಿಯಂತೆ ಮರಳಿಸುವ ಪದರವೊಂದಿದೆ. ಮುಸ್ಸಂಜೆಯಲ್ಲಿ, ಮೋಡ ಕವಿದಾಗ, ಗಾಳಿಗೆ ನೀರು ಕದಡಿದಾಗ ಪರ್ಚ್‌ಗೆ ಕಣ್ಣು ಮಂಜಾಗುತ್ತದೆ, ವಾಲೈಗೆ ಕಾಣುತ್ತದೆ. ಅದರ ಬದುಕೆಲ್ಲ ಈ ಒಂದು ಅನುಕೂಲದ ಮೇಲೆ ನಿಂತಿದೆ. ಹಾಗಾಗಿ ಅದಕ್ಕೆ ಬೇಕಾದದ್ದು ಮಬ್ಬು ಬೆಳಕು, ಜೊತೆಗೆ ಹದವಾದ ತಂಪು. ಆಳವಾದ ಸರೋವರವಾದರೆ ಬಿಸಿಲು ಹೆಚ್ಚಾದಾಗ ಇನ್ನಷ್ಟು ಕೆಳಗಿಳಿದು ಕತ್ತಲು ಹುಡುಕಬಹುದು. ಮಿಲ್ ಲ್ಯಾಕ್ಸ್‌ನಲ್ಲಿ ಇಳಿಯುವುದೆಲ್ಲಿಗೆ? 42 ಅಡಿ ಎಂದರೆ ನಾಲ್ಕು ಅಂತಸ್ತಿನ ಮನೆಯಷ್ಟೇ. ಬೆಳಕು ತಳದವರೆಗೂ ಬೆನ್ನಟ್ಟಿಕೊಂಡು ಬರುತ್ತದೆ. ಬೆಳಕೂ ಉಷ್ಣತೆಯೂ ಎರಡೂ ಒಗ್ಗುವ ನೀರು ಸರೋವರದಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆ ಜಾಗ ಕುಗ್ಗುತ್ತ ಬಂದಂತೆ ಸರೋವರ ತಾಳಿಕೊಳ್ಳಬಲ್ಲ ಮೀನುಗಾರಿಕೆಯ ಪ್ರಮಾಣವೂ ಕುಗ್ಗಿತು ಎಂಬುದು ಅದರ ಸಾರ. ಹತ್ತು ಮಂದಿ ಇದ್ದ ಮನೆಯಲ್ಲಿ ಮೂರು ಕೋಣೆಗೆ ಬೀಗ ಜಡಿದರೆ ಹೇಗೋ ಹಾಗೆ.

ನೀರು ತಿಳಿಯಾದದ್ದು ಹೇಗೆ? ಎಲ್ಲರೂ ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿಯತ್ತ ಬೆರಳು ತೋರುತ್ತಾರೆ. ಉಗುರಿನಷ್ಟು ಗಾತ್ರ, ಪಟ್ಟೆ ಪಟ್ಟೆ ಚಿಪ್ಪು. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಕಡೆಯದು. 1980ರ ದಶಕದಲ್ಲಿ ಹಡಗುಗಳ ತಳದ ನೀರಿನೊಡನೆ ಅಮೆರಿಕದ ಮಹಾ ಸರೋವರಗಳಿಗೆ ಬಂದಿತು. ಮಿಲ್ ಲ್ಯಾಕ್ಸ್‌ನಲ್ಲಿ ಮೊದಲು ಕಂಡದ್ದು 2005ರಲ್ಲಿ. ಬೆಳೆದ ಒಂದೊಂದು ಚಿಪ್ಪೂ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಸೋಸಿ ಅದರಲ್ಲಿನ ಪಾಚಿಯನ್ನು ನುಂಗುತ್ತದೆ. ಅಂಥವು ಕೋಟಿಗಟ್ಟಲೆ ಇದ್ದರೆ ನೀರು ಗಾಜಾಗದೆ ಇನ್ನೇನಾಗುತ್ತದೆ? ಆದರೆ ತಾರೀಖು ಗಮನಿಸಿ. ಈ ಸರೋವರ ತಿಳಿಯಾಗತೊಡಗಿದ್ದು 1980ರ ದಶಕದ ನಡುವಿನಲ್ಲಿ, ಚಿಪ್ಪು ಬರುವುದಕ್ಕೆ ಇಪ್ಪತ್ತು ವರ್ಷ ಮೊದಲು. 1972ರ ಶುದ್ಧ ಜಲ ಕಾಯ್ದೆಯ ನಂತರ ದಡದ ಮನೆಗಳ, ರೆಸಾರ್ಟ್‌ಗಳ ಕೊಳಚೆ ಸರೋವರಕ್ಕೆ ಸೇರುವುದು ತಗ್ಗಿತು, ಪಾಚಿಗೆ ಸಿಗುತ್ತಿದ್ದ ಗೊಬ್ಬರವೂ ಕಡಿಮೆಯಾಯಿತು ಎಂಬುದು ತಜ್ಞರು ಕೊಡುವ ಕಾರಣಗಳಲ್ಲಿ ಒಂದು. ಅಂದರೆ ಒಳ್ಳೆಯ ಕೆಲಸವೇ ಮಾಡಿದ್ದು. ವಾಲೈಗೆ ಅದು ಒಗ್ಗಲಿಲ್ಲ, ಅಷ್ಟೇ. ಕೊಳಚೆ ವಾಪಸ್ ಬಿಡಿ ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

2009ರಲ್ಲಿ ಇನ್ನೊಬ್ಬ ಅತಿಥಿ ಬಂದಿತು, ಮುಳ್ಳಿನ ನೀರುಚಿಗಟ ಎಂಬ ಪುಟ್ಟ ಜಲಜೀವಿ. ಬಾಲದಲ್ಲಿ ಉದ್ದನೆಯ ಮುಳ್ಳು ಇರುವುದರಿಂದ ಪುಟ್ಟ ಮರಿಗಳಿಗೆ ಇದನ್ನು ನುಂಗಲಾಗದು. ಅದೋ, ಮರಿಗಳ ಮೊದಲ ತುತ್ತಾದ ಸೂಕ್ಷ್ಮ ಪ್ರಾಣಿಗಳನ್ನು ತಾನೇ ತಿಂದು ಮುಗಿಸುತ್ತದೆ. ಜೊತೆಗೆ ಟುಲಿಬೀ ಎಂಬ ಕೊಬ್ಬಿನ ಮೀನು ಕುಸಿಯಿತು. ತಣ್ಣೀರು ಬೇಡುವ ಈ ಮೀನಿಗೆ ಮಿಲ್ ಲ್ಯಾಕ್ಸ್ ತನ್ನ ಸೀಮೆಯ ದಕ್ಷಿಣದ ಅಂಚು. ಬೇಸಿಗೆ ಬಿಸಿಯಾದಂತೆ ಮೊದಲು ಸಾಯುವುದು ಅದೇ. ದೊಡ್ಡ ವಾಲೈಗಳಿಗೆ ಟುಲಿಬೀ ಹೊಟ್ಟೆ ತುಂಬಿಸುವ ಊಟವಾಗಿತ್ತು. ಅದೂ ಇಲ್ಲ, ಪರ್ಚ್ ಕೂಡ ಸಾಲದು ಎಂದಾಗ ದೊಡ್ಡವು ತಮ್ಮದೇ ಜಾತಿಯ ಮರಿಗಳನ್ನು ತಿನ್ನುತ್ತವೆ. ಆದ್ದರಿಂದಲೇ ಇಲ್ಲಿ ಮೊಟ್ಟೆ ಒಡೆಯುವುದಕ್ಕೆ ತೊಂದರೆಯಿಲ್ಲ, ಮೊದಲ ಶರತ್ಕಾಲದವರೆಗೆ ಮರಿಗಳೂ ಕಾಣುತ್ತವೆ. ನಂತರದ ಒಂದೆರಡು ವರ್ಷಗಳಲ್ಲಿ ಅವು ಮಾಯ. 2008ರ ನಂತರ ಮೊದಲು ಗಟ್ಟಿಯಾಗಿ ಬದುಕಿ ಉಳಿದ ತಲೆಮಾರು ಎಂದರೆ 2013ರದು. ಬಹುಕಾಲ ಸರೋವರದ ವಾಲೈ ಮೀನುಗಾರಿಕೆ ಆ ಒಂದು ವರ್ಷದ ಮಕ್ಕಳ ಹೆಗಲ ಮೇಲೆಯೇ ನಡೆಯಿತು.

ಪ್ರಶ್ನೆ: ಮೂಲನಿವಾಸಿಗಳು ವಸಂತದಲ್ಲಿ ಮೊಟ್ಟೆಯಿಡಲು ಬಂದ ಮೀನನ್ನು ಬಲೆ ಹಾಕಿ ಹಿಡಿಯುತ್ತಾರೆ, ಅದರಿಂದಲೇ ಎಲ್ಲ ಹಾಳಾಯಿತು ಎಂದು ಕಚೇರಿಯಲ್ಲಿ ಕೆಲವರು ಹೇಳುತ್ತಾರೆ. ನಾನು ತೀರ್ಥಹಳ್ಳಿ ಕಡೆಯವನು. ಮೊದಲ ಮಳೆಗೆ ಮೊಟ್ಟೆಯಿಡಲು ಗದ್ದೆಯತ್ತ ಹತ್ತಿ ಬರುವ ಹತ್ತುಮೀನು ಹಿಡಿಯುವುದು ತಪ್ಪು ಎಂದು ಈಗ ನಮ್ಮಲ್ಲೂ ಹೇಳುತ್ತಾರಲ್ಲ?

ಉತ್ತರ: ಹತ್ತುಮೀನಿನ ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಗದ್ದೆಯ ಕೋಡಿಯಲ್ಲಿ ಕೂಳಿ ಒಡ್ಡಿದರೆ ಹತ್ತಿ ಬರುವ ಮೀನೆಲ್ಲ ಒಂದೇ ಬಾಯಿಗೆ ಬೀಳುತ್ತದೆ, ಎಷ್ಟು ಬಿತ್ತೆಂದು ಎಣಿಸುವವರಿಲ್ಲ. ಇಲ್ಲಿ ಒಜಿಬ್ವೆ ಎಂಬ ಮೂಲನಿವಾಸಿ ಸಮುದಾಯಗಳ ಪಾಲಿಗೆ ಮಿತಿಯಿದೆ, ಹಿಡಿದದ್ದಕ್ಕೆ ಲೆಕ್ಕವಿದೆ. ಈ ಹಕ್ಕು ಯಾರೋ ಕೊಟ್ಟ ರಿಯಾಯಿತಿಯೂ ಅಲ್ಲ. 1837ರ ಒಪ್ಪಂದದಲ್ಲಿ ಭೂಮಿ ಬಿಟ್ಟುಕೊಟ್ಟಾಗ ಅವರು ಬೇಟೆಯ, ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡಿದ್ದರು. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಈಗ ರಾಜ್ಯ ಮತ್ತು ಎಂಟು ಸಮುದಾಯಗಳು ಕೂಡಿ ವರ್ಷಕ್ಕೆ ಎಷ್ಟು ತೆಗೆಯಬಹುದೆಂದು ನಿರ್ಧರಿಸುತ್ತವೆ. ಸಂಕಟದ 2015ರಲ್ಲಿ ಒಟ್ಟು ಮಿತಿ 40,000 ಪೌಂಡ್. ಅದರಲ್ಲಿ ಗಾಳಗಾರರಿಗೆ 28,600, ಸಮುದಾಯಗಳಿಗೆ 11,400.

ಮೊಟ್ಟೆಯ ಮಾತು ಭಾವನೆಗೆ ತಟ್ಟುತ್ತದೆ, ಒಪ್ಪುತ್ತೇನೆ. ಆದರೆ ಹೆಣ್ಣು ವಾಲೈಯ ಹೊಟ್ಟೆಯಲ್ಲಿ ಮೊಟ್ಟೆ ಬೆಳೆಯತೊಡಗುವುದು ಹಿಂದಿನ ಶರತ್ಕಾಲದಲ್ಲೇ. ಜನವರಿಯಲ್ಲಿ ಹಿಮದ ರಂಧ್ರದಿಂದ ಮೇಲೆತ್ತಿದ ಬಸುರಿ ಮೀನೂ ಏಪ್ರಿಲ್‌ನಲ್ಲಿ ಮೊಟ್ಟೆಯಿಡುವುದಿಲ್ಲ. ಜುಲೈನಲ್ಲಿ ಸತ್ತದ್ದೂ ಅಷ್ಟೇ. ಬಲೆಯಲ್ಲಿ ಸತ್ತ ಮೀನು ಕಣ್ಣಿಗೆ ಕಾಣುತ್ತದೆ, ಗಾಳದಲ್ಲಿ ಸತ್ತದ್ದು ಚದುರಿ ಹೋಗಿ ಕಾಣುವುದಿಲ್ಲ. ಮೇಲಾಗಿ, ಮೊಟ್ಟೆ ಒಡೆದು ಮರಿಯಾಗುವ ಹಂತದಲ್ಲಿ ಇಲ್ಲಿ ಕೊರತೆಯೇ ಇಲ್ಲ ಎಂದು ಮೇಲೆಯೇ ಹೇಳಿದೆ.

ಪ್ರಶ್ನೆ: ಹಾಗಾದರೆ ಮರಿ ತಂದು ಬಿಟ್ಟರಾಯಿತಲ್ಲ?

ಉತ್ತರ: ಮರಿಗಳು ಬೇಕಾದಷ್ಟು ತಾವಾಗಿಯೇ ಹುಟ್ಟುತ್ತವೆ, ಉಳಿಯುವುದಿಲ್ಲ. ತೂತಿನ ಕೊಡಕ್ಕೆ ಇನ್ನೊಂದು ಚೊಂಬು ನೀರು ಸುರಿದಂತಾಗುತ್ತದೆ. ಕಾವೇರಿಯ ಕಥೆ ಗೊತ್ತಿದ್ದರೆ ಮರಿ ಬಿಡುವುದರ ಬಗ್ಗೆ ಇನ್ನೂ ಹುಷಾರಾಗುತ್ತೀರಿ. ಮಹಶೀರ್ ಹೆಚ್ಚಲಿ ಎಂಬ ಸದುದ್ದೇಶದಿಂದ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಆ ನದಿಗೆ ಬಿಟ್ಟರು. ಅದು ಹಬ್ಬಿತು. ಕಾವೇರಿಯದೇ ಆದ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿತು.

ಪ್ರಶ್ನೆ: ನಾನು ಮೀನು ತಿನ್ನುವುದಿಲ್ಲ. ಹಿಡಿಯುತ್ತೇನೆ, ಫೋಟೋ ತೆಗೆದು ಬಿಡುತ್ತೇನೆ. ಇದರಿಂದ ಸರೋವರಕ್ಕೇನೂ ನಷ್ಟವಿಲ್ಲ ತಾನೇ?

ಉತ್ತರ: ಯಾವ ತಿಂಗಳು ಎನ್ನುವುದರ ಮೇಲಿದೆ. ಇದೇ ಸರೋವರದಲ್ಲಿ 2003–04ರಲ್ಲಿ ಹಿಡಿದು ಬಿಟ್ಟ ವಾಲೈಗಳನ್ನು ಕೂಡಿಹಾಕಿ ನೋಡಿದ್ದಾರೆ. ನೀರು ತಣ್ಣಗಿದ್ದ ಮೇ ತಿಂಗಳಲ್ಲಿ ಸಾವು ಇಲ್ಲವೆನ್ನುವಷ್ಟು ಕಡಿಮೆ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ಜುಲೈ, ಆಗಸ್ಟ್‌ನಲ್ಲಿ ನೂರಕ್ಕೆ ಸುಮಾರು 12. ದಿನಕ್ಕೆ ಐವತ್ತು ಹಿಡಿದು ಐವತ್ತನ್ನೂ ಬಿಟ್ಟವನು ಮನೆಗೆ ಬರಿಗೈಯಲ್ಲಿ ಹೋಗುತ್ತಾನೆ, ಹಿಂದೆ ಆರು ಮೀನು ಸಾಯುತ್ತವೆ. ಇಲಾಖೆ ಈ ಸಾವುಗಳನ್ನೂ ಅಂದಾಜು ಮಾಡಿ ಗಾಳಗಾರರ ಪಾಲಿನಲ್ಲಿ ಕಳೆಯುತ್ತದೆ. ನಡುಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ನಿರ್ಬಂಧ ಬಂದ ವರ್ಷಗಳಿಗೆ ಇದೂ ಒಂದು ಕಾರಣ.

ಗಾಳವನ್ನು ನುಂಗಿಬಿಟ್ಟಿದ್ದರೆ ಕೀಳಲು ಹೋಗಬೇಡಿ, ನೂಲು ಕತ್ತರಿಸಿ ಬಿಡಿ. ಕಿವಿರಿಗೆ ಬೆರಳು ಹಾಕಬೇಡಿ. ಫೋಟೋ ಒಂದು ಸಾಕು. ಜುಲೈ ಬಿಸಿಲಿನಲ್ಲಿ ವಾಲೈಯನ್ನು ಅದರ ಪಾಡಿಗೆ ಬಿಟ್ಟು ಬೇರೆ ಮೀನಿನ ಹಿಂದೆ ಹೋಗುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಬೇರೆ ಮೀನು ಎಂದರೆ ಯಾವುದು? ತಿನ್ನಲು ಯಾವುದು ರುಚಿ?

ಉತ್ತರ: ಸ್ಮಾಲ್‌ಮೌತ್ ಬ್ಯಾಸ್. ವಾಲೈಯ ಕೋಣೆಗೆ ಬೀಗ ಬಿದ್ದಾಗ ಇದಕ್ಕೆ ಇಡೀ ಮನೆ ಸಿಕ್ಕಿತು. ತಿಳಿನೀರು, ಬಂಡೆ, ಬಿಸಿಲು ಎಲ್ಲವೂ ಇದಕ್ಕೆ ಒಪ್ಪುತ್ತವೆ. 2016 ಮತ್ತು 2017ರಲ್ಲಿ ದೇಶದ ಹೆಸರಾಂತ ಬ್ಯಾಸ್ ಗಾಳಗಾರರ ಸ್ಪರ್ಧೆ ಇಲ್ಲಿ ನಡೆಯಿತು. ‘ಸತ್ತ ಸರೋವರ’ ಎಂದು ಪತ್ರಿಕೆಗಳು ಬರೆಯುತ್ತಿದ್ದ ಅದೇ ದಿನಗಳಲ್ಲಿ! 1980ರ ದಶಕದಿಂದ ಬಿಟ್ಟು ಬೆಳೆಸಿದ ಮಸ್ಕಿ ಎಂಬ ದೈತ್ಯವೂ ಇದೆ. ದಿನವಿಡೀ ಗಾಳ ಎಸೆದು ತೋಳು ನೋಯಿಸಿಕೊಳ್ಳುವ ಹುಚ್ಚು ಇದ್ದವರಿಗೆ ಮಾತ್ರ.

ರುಚಿಯಲ್ಲಿ ವಾಲೈಯನ್ನು ಯಾವುದೂ ಮೀರಿಸುವುದಿಲ್ಲ. ಬಿಳಿ ಮಾಂಸ, ಮುಳ್ಳು ಕಡಿಮೆ, ಮಂಗಳೂರಿನ ರವಾ ಫ್ರೈಗೆ ಹೇಳಿ ಮಾಡಿಸಿದಂತಿದೆ. ನಿಯಮ ಒಪ್ಪಿದರೂ ತೀರಾ ದೊಡ್ಡ ಮೀನು ತಿನ್ನಬೇಡಿ. ವಯಸ್ಸಾದಂತೆ ಮೈಯಲ್ಲಿ ಪಾದರಸ ಹೆಚ್ಚುತ್ತದೆ. ಬಸುರಿಯರು, ಮಕ್ಕಳು ಎಷ್ಟು ತಿನ್ನಬಹುದೆಂಬ ಸಲಹೆಯನ್ನು ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸುತ್ತದೆ. ಎಷ್ಟು ಮೀನು, ಯಾವ ಉದ್ದದ್ದು ಇಟ್ಟುಕೊಳ್ಳಬಹುದು ಎಂಬುದು ಮಿಲ್ ಲ್ಯಾಕ್ಸ್‌ನಲ್ಲಿ ವರ್ಷ ವರ್ಷಕ್ಕೂ, ಕೆಲವೊಮ್ಮೆ ಋತುವಿನ ನಡುವೆಯೂ ಬದಲಾಗುತ್ತದೆ. ಕಳೆದ ವರ್ಷದ ನೆನಪಿನ ಮೇಲೆ ಹೋಗಿ ದಂಡ ಕಟ್ಟಬೇಡಿ.

ಪ್ರಶ್ನೆ: ಜನವರಿಯಲ್ಲಿ ಅಪ್ಪ, ಅಮ್ಮ ಹಾಸನದಿಂದ ಬರುತ್ತಿದ್ದಾರೆ. ಹಿಮದ ಮೇಲೆ ಕುಳಿತು ಮೀನು ಹಿಡಿಯುವುದನ್ನು ತೋರಿಸಬಹುದೇ? ಅಪ್ಪನೂ ಗಾಳ ಹಾಕಬಹುದೇ?

ಉತ್ತರ: ಖಂಡಿತ ತೋರಿಸಿ. ಸರೋವರದ ಮೇಲೆ ಕಾರು ಓಡುವುದನ್ನು ಕಂಡರೆ ಊರಿಗೆ ಹೋಗಿ ವರ್ಷವಿಡೀ ಹೇಳಿಕೊಳ್ಳುತ್ತಾರೆ. ನಡೆಯಲು ಕನಿಷ್ಠ 4 ಇಂಚು, ಸಣ್ಣ ಕಾರಿಗೆ 9ರಿಂದ 10 ಇಂಚು ದಪ್ಪದ ತಿಳಿ ಮಂಜುಗಡ್ಡೆ ಬೇಕು. ಬೆಳ್ಳಗಿನ, ಹಿಮ ಬೆರೆತ ಗಡ್ಡೆಯಾದರೆ ಅದರ ಎರಡರಷ್ಟು. ಇಷ್ಟು ದೊಡ್ಡ ಸರೋವರದಲ್ಲಿ ಗಾಳಿಯ ಹೊಡೆತಕ್ಕೆ ಗಡ್ಡೆ ಬಿರುಕು ಬಿಟ್ಟು, ಅದರ ಮೇಲಿದ್ದವರ ಸಮೇತ ದಡದಿಂದ ದೂರ ಸರಿದದ್ದೂ ಉಂಟು. ಆದ್ದರಿಂದ ಸ್ವಂತ ಸಾಹಸ ಬೇಡ. ದಡದ ರೆಸಾರ್ಟಿನವರು ದಿನವೂ ದಪ್ಪ ಅಳೆದು, ದಾರಿ ಮಾಡಿ, ಒಳಗೆ ಹೀಟರ್ ಇರುವ ಗುಡಿಸಲನ್ನು ಬಾಡಿಗೆಗೆ ಕೊಡುತ್ತಾರೆ. ಅಂಥದ್ದನ್ನೇ ಹಿಡಿಯಿರಿ, ಅಮ್ಮ ಫ್ಲಾಸ್ಕಿನ ಕಾಫಿಯೊಡನೆ ಬೆಚ್ಚಗೆ ಕೂರಬಹುದು.

ಅಪ್ಪನಿಗೆ ಹೊರರಾಜ್ಯದವರ ಪರವಾನಗಿ ಬೇಕು. ಒಂದು ದಿನದ್ದು, ಮೂರು ದಿನದ್ದು ಸಿಗುತ್ತದೆ. ಹೋಗುವುದಾದರೆ ಮಧ್ಯಾಹ್ನ ಮೂರರ ಹೊತ್ತಿಗೆ ಗುಡಿಸಲು ಸೇರಿ. ಅಲ್ಲಿ ಜನವರಿಯಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ವಾಲೈ ಕಣ್ಣು ತೆರೆಯುವುದು ಆಗಲೇ.