ಕೌನ್ಸಿಲರ್ ‘ಅದು ಅಧಿಕಾರಿಗಳ ವಿಷಯ’ ಎಂದರೆ ಮುಗೀತಾ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ ಇದು. ಹೆಸರು, ಊರು ಬೇಡ ಎಂದಿದ್ದಾರೆ.

“ನಮ್ಮ ಕೌನ್ಸಿಲ್‌ನಲ್ಲಿ (ಸ್ಥಳೀಯ ಆಡಳಿತ) ಅಪಾಯದಲ್ಲಿರುವ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಸೇವೆಗೆ ಆಫ್‌ಸ್ಟೆಡ್ ಎಂಬ ಸರ್ಕಾರಿ ತಪಾಸಣೆಯವರು ‘ಇನ್‌ಅಡಿಕ್ವೇಟ್’ (ಸಾಲದು) ಎಂದು ದರ್ಜೆ ಕೊಟ್ಟಿದ್ದಾರೆ. ಅದಕ್ಕಿಂತ ಕೆಳಗಿನ ದರ್ಜೆ ಇಲ್ಲ. ವಾರ್ಡಿನ ಕೌನ್ಸಿಲರನ್ನು ಕೇಳಿದೆ. ಅದು ಅಧಿಕಾರಿಗಳ ವಿಷಯ, ಗೋಪ್ಯ, ನಾವು ಕೈ ಹಾಕೋ ಹಾಗಿಲ್ಲ ಎಂದರು. ಹೌದಾ? ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ನಾನು ಕೇಳಬಹುದಾ? ಗೆಳತಿಯರಂತೂ ‘ಸುಮ್ನಿರು, ಆಮೇಲೆ ನಿನ್ನ ಮಕ್ಕಳ ಮೇಲೇ ಅವರ ಕಣ್ಣು ಬೀಳುತ್ತೆ’ ಅಂತಾರೆ.”

ಕೇಳಬಹುದು. ದಯವಿಟ್ಟು ಕೇಳಿ.

ಕೌನ್ಸಿಲರ್ ಹೇಳಿದ್ದರಲ್ಲಿ ಅರ್ಧ ಸರಿ. ಒಂದು ಮಗುವಿನ ಫೈಲಿನಲ್ಲಿ ಏನಿದೆ ಅನ್ನೋದು ಗೋಪ್ಯ, ಅದು ಹಾಗೇ ಇರಬೇಕು, ಓಟು ಕೇಳಲು ಬರುವವರ ಕೈಗೆಲ್ಲ ಯಾರದೋ ಮನೆಯ ನೋವು ಸಿಗಬಾರದು. ಆದರೆ ಇಲಾಖೆ ಹೇಗೆ ನಡೀತಿದೆ, ದೂರು ಬಂದರೆ ಎಷ್ಟು ಬೇಗ ಮಗುವನ್ನು ಹೋಗಿ ನೋಡುತ್ತಾರೆ ಅನ್ನೋದರಲ್ಲಿ ಗೋಪ್ಯ ಏನೂ ಇಲ್ಲ. ಅದನ್ನು ವಿಚಾರಿಸಲೆಂದೇ ಜನ ಅವರನ್ನು ಆರಿಸಿ ಕಳಿಸಿದ್ದು.

ಈ ಹೊಣೆ ಕಾನೂನಿಗೆ ಬಂದದ್ದರ ಹಿಂದೆ ಒಂದು ಮಗುವಿನ ಸಾವಿದೆ. ವಿಕ್ಟೋರಿಯಾ ಕ್ಲಿಂಬಿಯೆ ಐವರಿ ಕೋಸ್ಟ್‌ನ ಹುಡುಗಿ. ಚೆನ್ನಾಗಿ ಓದಲಿ ಎಂದು ಅಪ್ಪ ಅಮ್ಮ ಸಂಬಂಧಿಕರ ಜೊತೆ ಕಳಿಸಿದ್ದರು. ಹೀಗೆ ಮಕ್ಕಳನ್ನು ಕಳಿಸುವುದು ನಮ್ಮಲ್ಲೂ ಉಂಟು ಅಲ್ವಾ. ಆ ಸಂಬಂಧಿಕಳೇ, ತನ್ನ ಗೆಳೆಯನ ಜೊತೆ ಸೇರಿ, ಹಿಂಸೆ ಕೊಟ್ಟು ಕೊಂದಳು. 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಸತ್ತಾಗ ಹುಡುಗಿಗೆ 8 ವರ್ಷ. ನಾಲ್ಕು ಕೌನ್ಸಿಲ್‌ಗಳ ಸಾಮಾಜಿಕ ಸೇವೆಯವರಿಗೆ, ಎರಡು ಆಸ್ಪತ್ರೆಗಳಿಗೆ, ಪೊಲೀಸರಿಗೆ ಅವಳ ವಿಷಯ ಗೊತ್ತಿತ್ತು. ಉಳಿಸಿಕೊಳ್ಳಲು ಕನಿಷ್ಠ 12 ಅವಕಾಶ ಇದ್ದವು ಎಂದು ಈ ಸಾವಿನ ತನಿಖೆ ನಡೆಸಿದ ಲಾರ್ಡ್ ಲೇಮಿಂಗ್ ಅವರ 2003ರ ವರದಿ ಹೇಳಿತು. ತಪ್ಪನ್ನೆಲ್ಲ ಕೆಳಗಿನ ಸಿಬ್ಬಂದಿಯ ತಲೆಗೆ ಕಟ್ಟಿ ಮೇಲಿನವರು ಜಾರಿಕೊಳ್ಳುವುದನ್ನು ಲೇಮಿಂಗ್ ಒಪ್ಪಲಿಲ್ಲ. ಮುಂದೆ 2004ರ ಮಕ್ಕಳ ಕಾಯ್ದೆ ಬಂತು. ಮಕ್ಕಳ ಸೇವೆಗೆ ಒಬ್ಬ ನಿರ್ದೇಶಕರು ಇರಬೇಕು, ಚುನಾಯಿತರಲ್ಲೂ ಒಬ್ಬರು ಹೆಸರು ಹೇಳಿ ಹೊಣೆ ಹೊರಬೇಕು, ಅವರಿಗೆ ಲೀಡ್ ಮೆಂಬರ್ ಅಂತಾರೆ. ನಿಮ್ಮ ಕೌನ್ಸಿಲ್‌ನಲ್ಲಿ ಅವರು ಯಾರು ಅಂತ ಮೊದಲು ಹುಡುಕಿ. (ನಿಮ್ಮದು ಡಿಸ್ಟ್ರಿಕ್ಟ್ ಕೌನ್ಸಿಲ್ ಆಗಿದ್ದರೆ ಈ ಸೇವೆ ಮೇಲಿನ ಕೌಂಟಿ ಕೌನ್ಸಿಲ್ ಕೈಯಲ್ಲಿರುತ್ತದೆ. ಅಲ್ಲಿಗೇ ಬರೆಯಿರಿ.)

ಕಾನೂನು ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತಾ? ಇಲ್ಲ. ಇಂಗ್ಲೆಂಡಿನ ರಾದರಮ್ ಊರಿನ ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. 1997ರಿಂದ 2013ರ ನಡುವೆ ಅಲ್ಲಿ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಸಿಕ್ಕಿದ್ದರು ಎಂದು 2014ರಲ್ಲಿ ಅದರ ತನಿಖೆ ನಡೆಸಿದ ಪ್ರೊಫೆಸರ್ ಅಲೆಕ್ಸಿಸ್ ಜೇ ಅಂದಾಜು ಮಾಡಿದರು. ಅದಕ್ಕೂ ಮೊದಲೇ 2002, 2003, 2006ರಲ್ಲಿ ಮೂರು ವರದಿಗಳು ಎಚ್ಚರಿಸಿದ್ದವು. 2004-05ರಲ್ಲಿ ಕೌನ್ಸಿಲರ್‌ಗಳನ್ನು ಕೂರಿಸಿ ಬಿಡಿಬಿಡಿಯಾಗಿ ವಿವರಿಸಿಯೂ ಇದ್ದರು. ಹಾಗಾಗಿ ಗೊತ್ತಿರಲಿಲ್ಲ ಎನ್ನಲು ಯಾರಿಗೂ ಬಾಯಿರಲಿಲ್ಲ. 2015ರಲ್ಲಿ ಇನ್ನೊಂದು ತನಿಖೆ ಇಡೀ ಕೌನ್ಸಿಲನ್ನೇ ನಾಲಾಯಕ್ಕು ಎಂದಿತು, ಆಡಳಿತ ನಡೆಸಲು ಸರ್ಕಾರ ಕಮಿಷನರ್‌ಗಳನ್ನು ಕಳಿಸಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ದೊಡ್ಡವರಾಗಿಬಿಟ್ಟಿದ್ದರು. ಗೊತ್ತಿದ್ದೂ ಪ್ರಶ್ನೆ ಕೇಳದ ಜನಪ್ರತಿನಿಧಿಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ದರ್ಜೆಯನ್ನೂ ಪೂರ್ತಿ ನಂಬಬೇಡಿ. ಲಂಡನ್ನಿನ ಹ್ಯಾರಿಂಗೇಯಲ್ಲಿ 2007ರಲ್ಲಿ 17 ತಿಂಗಳ ಕೂಸು ಪೀಟರ್ ಮನೆಯಲ್ಲೇ ಹಿಂಸೆಗೆ ಸಿಕ್ಕಿ ಸತ್ತ. ಅದೇ ವರ್ಷ ಆ ಕೌನ್ಸಿಲ್‌ನ ಮಕ್ಕಳ ಸೇವೆಗೆ ‘ಒಳ್ಳೆಯದು’ ಎಂಬ ದರ್ಜೆ ಸಿಕ್ಕಿತ್ತು. ಮುಂದೆ ನಿಮ್ಮ ಊರಿನ ದರ್ಜೆ ಮೇಲೆ ಹೋದರೂ ವಿಚಾರಿಸುವುದನ್ನು ಬಿಡಬೇಡಿ.

ಗೆಳತಿಯರ ಭಯ ನನಗೆ ಅರ್ಥವಾಗುತ್ತದೆ. ಪರದೇಶದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿಬಿಡ್ತಾರೆ ಅನ್ನೋ ಮಾತು ಕೇಳಿದರೆ ಯಾವ ತಾಯಿಗೂ ಎದೆ ಧಸಕ್ ಅನ್ನುತ್ತದೆ. ಆದರೆ ಸೋಶಿಯಲ್ ವರ್ಕರ್ ತಮ್ಮಷ್ಟಕ್ಕೆ ತಾವೇ ಮಗುವನ್ನು ಎತ್ತಿಕೊಂಡು ಹೋಗುವಂತಿಲ್ಲ. ಒಂದೋ ಹೆತ್ತವರ ಒಪ್ಪಿಗೆ ಬೇಕು, ಇಲ್ಲಾ ಕೋರ್ಟಿನ ಆದೇಶ ಬೇಕು. ಮಗುವಿಗೆ ದೊಡ್ಡ ಅಪಾಯ ಇದೆ ಅನ್ನಿಸಿದಾಗ ಪೊಲೀಸರು ಇರಿಸಿಕೊಳ್ಳಬಹುದು, ಅದೂ ಹೆಚ್ಚೆಂದರೆ 72 ಗಂಟೆ. ಸಭೆಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ ಕೋರ್ಟು ಯಾರ ಮಗುವನ್ನೂ ತೆಗೆದುಕೊಳ್ಳುವುದಿಲ್ಲ.

ಪಾಸ್‌ಪೋರ್ಟ್ ವಿಷಯ. ಭಾರತ ಕಾಮನ್‌ವೆಲ್ತ್ ದೇಶ. ಸರಿಯಾದ ವೀಸಾ ಇಟ್ಟುಕೊಂಡು ಅಲ್ಲಿ ವಾಸವಿದ್ದರೆ ನೀವು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ ಓಟು ಹಾಕಬಹುದು. ಎಷ್ಟೋ ಕನ್ನಡಿಗರು ಇದನ್ನು ತಿಳಿಯದೆ ವರ್ಷಗಟ್ಟಲೆ ಸುಮ್ನೆ ಇದ್ದಾರೆ.

ಇನ್ನು ಏನು ಕೇಳಬೇಕು ಅಂತೀರಾ? ಮಕ್ಕಳ ವಿಷಯ ನೋಡುವ ಸ್ಕ್ರೂಟಿನಿ ಸಮಿತಿಯ (ಇಲಾಖೆಯ ಕೆಲಸ ವಿಚಾರಿಸುವ ಕೌನ್ಸಿಲರ್‌ಗಳ ಸಮಿತಿ) ಸಭೆಗೆ ಸಾಮಾನ್ಯವಾಗಿ ಜನರೂ ಹೋಗಿ ಕೂರಬಹುದು. ಬಹಳಷ್ಟು ಕೌನ್ಸಿಲ್‌ಗಳಲ್ಲಿ ಮೊದಲೇ ಬರೆದುಕೊಟ್ಟು ಪ್ರಶ್ನೆ ಕೇಳಬಹುದು. ಒಬ್ಬ ಸೋಶಿಯಲ್ ವರ್ಕರ್ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ, ಆ ವರ್ಕರ್‌ಗಳಲ್ಲಿ ಏಜೆನ್ಸಿಯಿಂದ ತಾತ್ಕಾಲಿಕವಾಗಿ ಬಂದವರು ಎಷ್ಟು ಜನ, ವರ್ಷದಲ್ಲಿ ಒಂದೇ ಮಗುವಿಗೆ ಎಷ್ಟು ಸಲ ಸೋಶಿಯಲ್ ವರ್ಕರ್ ಬದಲಾದರು ಎಂದು ಕೇಳಿ. ನನ್ನ ಪ್ರಕಾರ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಪ್ರತಿ ಸಲ ಹೊಸ ಮುಖದ ಮುಂದೆ ಯಾವ ಮಗುವೂ ಮನಸ್ಸು ಬಿಚ್ಚಿ ಮಾತಾಡಲ್ಲ. ಕಾಣೆಯಾಗಿ ವಾಪಸ್ ಬಂದ ಮಕ್ಕಳ ಜೊತೆ 72 ಗಂಟೆಯೊಳಗೆ ಕೂತು ಮಾತಾಡಬೇಕು ಎಂಬ ಸೂಚನೆ ಇದೆ, ಅದು ನಡೀತಿದೆಯಾ ಎಂದೂ ಕೇಳಿ. ಉತ್ತರ ಕೊಡದಿದ್ದರೆ ನಮ್ಮ ಮಾಹಿತಿ ಹಕ್ಕಿನಂಥ ಕಾಯ್ದೆ ಅಲ್ಲೂ ಇದೆ, ಸಾಮಾನ್ಯವಾಗಿ 20 ಕೆಲಸದ ದಿನಗಳಲ್ಲಿ ಉತ್ತರಿಸಬೇಕು.

ಕೌನ್ಸಿಲ್ ಆಶ್ರಯದಲ್ಲಿರುವ ಮಕ್ಕಳ ಮಾತನ್ನು ಕೌನ್ಸಿಲರ್‌ಗಳು ನೇರವಾಗಿ ಯಾವಾಗ ಕೇಳಿಸಿಕೊಂಡರು ಅಂತಲೂ ವಿಚಾರಿಸಿ. 2023ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಅಂಥ ಮಕ್ಕಳು 83 ಸಾವಿರಕ್ಕೂ ಜಾಸ್ತಿ ಇದ್ದರು. ಅವರಿಗೆ ಕೌನ್ಸಿಲ್ಲೇ ಅಪ್ಪ ಅಮ್ಮನ ಜಾಗದಲ್ಲಿದೆ, ಅವರ ಅಭಿಪ್ರಾಯ ಕೇಳಬೇಕು ಎಂದು 2017ರ ಕಾಯ್ದೆಯಲ್ಲೇ ಇದೆ. ನಮ್ಮ ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಯಲ್ಲಿ ಪುಟ್ಟ ಹುಡುಗಿ ಎದ್ದು ನಿಂತು ಶಾಲೆಯಲ್ಲಿ ಶೌಚಾಲಯ ಇಲ್ಲ ಎಂದು ಅಧ್ಯಕ್ಷರಿಗೆ ಹೇಳಬಹುದಾದರೆ, ಅಲ್ಲಿನ ಮಕ್ಕಳಿಗೂ ಅಂಥ ಅವಕಾಶ ಸಿಗಬೇಕು.

ಮುಂದಿನ ಸಭೆಗೆ ಒಬ್ಬರೇ ಹೋಗಬೇಡಿ, ಆ ಗೆಳತಿಯರಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋಗಿ. ಏನು ಉತ್ತರ ಬಂತು ಅಂತ ನಮಗೆ ಬರೆಯಿರಿ. ನಿಮ್ಮ ಹೆಸರು ಹಾಕದೆ ಪ್ರಕಟಿಸುತ್ತೇವೆ.

– ಸಂಪಾದಕ